ಬಾಂಬಿನ ಯುರೇನಿಯಂ ಮಾರಿದ ಕಥೆ

ದೊಡ್ಡ ದೇಶಗಳು ಅಣ್ವಸ್ತ್ರ ಕಡಿಮೆ ಮಾಡಲು ಒಪ್ಪಿದವು ಅಂತ ಆಗಾಗ ಪತ್ರಿಕೆಯಲ್ಲಿ ಓದುತ್ತೇವೆ. ನಾಯಕರು ಸಹಿ ಹಾಕುತ್ತಾರೆ, ಕೈ ಕುಲುಕುತ್ತಾರೆ, ಫೋಟೋ ಬರುತ್ತದೆ. ಅಲ್ಲಿಗೆ ಸುದ್ದಿ ಮುಗಿಯಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಬಿಚ್ಚಿದ ಬಾಂಬಿನ ಒಳಗಿದ್ದ ಸರಕು ಎಲ್ಲಿಗೆ ಹೋಯಿತು? ಹಳೆಯ ಬಂದೂಕನ್ನು ಗುಜರಿಗೆ ಹಾಕಬಹುದು, ಕುಲುಮೆಯಲ್ಲಿ ಕರಗಿಸಿ ಬಾಗಿಲ ಚಿಲಕ ಮಾಡಬಹುದು. ಬಾಂಬಿನ ಯುರೇನಿಯಂ, ಪ್ಲುಟೋನಿಯಂಗಳನ್ನು ಕರಗಿಸಿದರೂ, ಪುಡಿ ಮಾಡಿದರೂ, ಡಬ್ಬಿಯಲ್ಲಿಟ್ಟು ಬೀಗ ಹಾಕಿದರೂ ಅವು ಬಾಂಬಿನ ಸರಕೇ. ನಾಳೆ ಮನಸ್ಸು ಬದಲಾಯಿಸಿದರೆ ಮತ್ತೆ ಬಾಂಬು ಕಟ್ಟಬಹುದು.

ವಿಚಿತ್ರವೆಂದರೆ, ಹೆಸರಾಂತ ಒಪ್ಪಂದಗಳು ಈ ಸರಕಿನ ಗೋಜಿಗೇ ಹೋಗಲಿಲ್ಲ. 1991ರ ಜುಲೈನಲ್ಲಿ ಬುಷ್ ಮತ್ತು ಗೊರ್ಬಚೇವ್ ಸಹಿ ಹಾಕಿದ ‘ಸ್ಟಾರ್ಟ್’ ಒಪ್ಪಂದ ಲೆಕ್ಕ ಹಾಕಿದ್ದು ಕ್ಷಿಪಣಿಗಳನ್ನು, ಬಾಂಬರ್ ವಿಮಾನಗಳನ್ನು, ಅವು ಹೊರಬಲ್ಲ ಸಿಡಿತಲೆಗಳನ್ನು. ಕ್ಷಿಪಣಿಯಿಂದ ಇಳಿಸಿದ ಸಿಡಿತಲೆಯನ್ನು ಏನು ಮಾಡಬೇಕೆಂದು ಅದು ಹೇಳಲಿಲ್ಲ. ಆ ಕೆಲಸಕ್ಕೆ ಬೇರೆ ಪ್ರಯತ್ನಗಳು ನಡೆದವು. ಅವುಗಳಲ್ಲಿ ಒಂದು ಭರ್ಜರಿಯಾಗಿ ಗೆದ್ದಿತು, ಇನ್ನೊಂದು ಪೂರಾ ಬಿದ್ದುಹೋಯಿತು. ಎರಡರಲ್ಲೂ ಇದ್ದವರು ಅದೇ ರಷ್ಯಾ, ಅದೇ ಅಮೆರಿಕ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಮೊದಲು ಸ್ವಲ್ಪ ವಿಜ್ಞಾನ ಹೇಳಲೇಬೇಕು. ನಮ್ಮ ಸಂಘದಲ್ಲಿ ಕಾಮರ್ಸಿನವರೇ ಹೆಚ್ಚು. ಹೆದರಬೇಡಿ, ಈ ಕಥೆಯ ಮುಕ್ಕಾಲು ಪಾಲು ನಿಮ್ಮ ವಿಷಯವೇ.

ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆ ಬೆರೆತಿರುತ್ತವೆ. ಬಹುಪಾಲು ಯುರೇನಿಯಂ-238. ನೂರಕ್ಕೆ 0.7ರಷ್ಟು ಮಾತ್ರ ಯುರೇನಿಯಂ-235. ಸುಲಭವಾಗಿ ಒಡೆದು ಶಕ್ತಿ ಕೊಡುವುದು ಈ 235. ಕಾರವಾರದ ಕಡೆಯ ಕೈಗಾದಲ್ಲಿರುವ ಭಾರಜಲದ ಸ್ಥಾವರಗಳಿಗೆ ಈ 0.7 ಸಾಕು. ಅಮೆರಿಕದ ಸ್ಥಾವರಗಳಿಗೆ, ನಮ್ಮ ತಾರಾಪುರದ ಮೊದಲ ಎರಡು ಸ್ಥಾವರಗಳಿಗೆ ಸಾಲದು. ನೂರಕ್ಕೆ ಎರಡರಿಂದ ಐದರವರೆಗೆ ಏರಿಸಬೇಕು. ಬಾಂಬಿಗಾದರೆ ತೊಂಬತ್ತಕ್ಕೆ ಏರಿಸುತ್ತಾರೆ.

ಏರಿಸುವ ಕೆಲಸ ಬಲು ಕಷ್ಟ. ಎರಡೂ ರಸಾಯನ ಗುಣದಲ್ಲಿ ಒಂದೇ, ತೂಕದಲ್ಲಿ ಮಾತ್ರ ತುಸು ಹೆಚ್ಚುಕಡಿಮೆ. ಹಾಲಿನಿಂದ ನೀರನ್ನು ಬೇರೆ ಮಾಡುವ ಹಂಸದ ಮಾತು ಕೇಳಿದ್ದೇವಲ್ಲ, ಇಲ್ಲಿ ಆ ಹಂಸದ ಕೆಲಸವನ್ನು ಹಗಲೂ ರಾತ್ರಿ ಗಿರಗಿರ ತಿರುಗುವ ಸಾವಿರಾರು ಸೆಂಟ್ರಿಫ್ಯೂಜ್ ಯಂತ್ರಗಳು ಮಾಡಬೇಕು. ಆದರೆ ತಿರುಗಿ ಬೆರೆಸುವುದು? ಅದು ಯಾವ ಹಾಲಿನವನಿಗೂ ಗೊತ್ತು. ತೊಂಬತ್ತರ ಯುರೇನಿಯಂಗೆ ತೆಳುವಾದ ಯುರೇನಿಯಂ ಬೆರೆಸಿದರೆ ಅದು ಬಾಂಬಿಗೆ ಬಾರದ, ವಿದ್ಯುತ್ತಿಗೆ ಬರುವ ಇಂಧನವಾಗುತ್ತದೆ. ಒಂದು ಕಿಲೋದಿಂದ ಸುಮಾರು ಮೂವತ್ತು ಕಿಲೋ ಇಂಧನ! ನಮ್ಮ ಮೆಸ್ಸಿನವರು ಮಜ್ಜಿಗೆಗೆ ಇದೇ ಸೂತ್ರ ಹಿಡಿದಿದ್ದಾರೆ ಅನ್ನುವುದು ಬೇರೆ ಮಾತು.

ಪ್ಲುಟೋನಿಯಂ ಹಾಗಲ್ಲ. ಅದನ್ನು ಹೀಗೆ ತೆಳು ಮಾಡಿ ನಿರುಪಯೋಗಿ ಮಾಡಲು ಅದರದೇ ಜಾತಿಯ ನಿರಪಾಯದ ಸಂಗಾತಿ ಇಲ್ಲ. ಯುರೇನಿಯಂ ಜೊತೆ ಬೆರೆಸಬಹುದು, ಆದರೆ ಎರಡೂ ಬೇರೆ ಬೇರೆ ಧಾತುಗಳು. ಮರಳಿಗೆ ಸಕ್ಕರೆ ಬೆರೆಸಿದ ಹಾಗೆ. ನೀರಿಗೆ ಹಾಕಿದರೆ ಸಕ್ಕರೆ ಕರಗಿ ಬೇರೆಯಾಗುತ್ತದೆ. ಹಾಗೇ ರಸಾಯನ ಬಲ್ಲವರು ಪ್ಲುಟೋನಿಯಂ ಅನ್ನು ಮತ್ತೆ ಹೊರತೆಗೆಯಬಲ್ಲರು. ನಾಗಸಾಕಿಯ ಬಾಂಬಿನಲ್ಲಿದ್ದ ಪ್ಲುಟೋನಿಯಂ ಸುಮಾರು ಆರು ಕಿಲೋ ಅಷ್ಟೆ. ಅದರ ಅರ್ಧಾಯುಷ್ಯವೋ 24 ಸಾವಿರ ವರ್ಷ. ಬಾಯೊಳಗಿನ ಬಿಸಿತುಪ್ಪ: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈಗ 1991ಕ್ಕೆ ಬನ್ನಿ. ಸೋವಿಯತ್ ಒಕ್ಕೂಟ ಕುಸಿಯುತ್ತಿತ್ತು. ಅದರ ಬಳಿ ಹತ್ತಾರು ಸಾವಿರ ಸಿಡಿತಲೆಗಳು. ರಷ್ಯಾ ಮಾತ್ರವಲ್ಲದೆ ಉಕ್ರೇನ್, ಬೆಲಾರುಸ್, ಕಜಾಕಿಸ್ತಾನಗಳಲ್ಲೂ ಅವು ಹರಡಿದ್ದವು. ಬಾಂಬಿನ ಸರಕನ್ನು ಕಾಯುತ್ತಿದ್ದವರಿಗೆ, ವಿಜ್ಞಾನಿಗಳಿಗೆ ಸಂಬಳ ಸರಿಯಾಗಿ ಸಿಗುತ್ತಿರಲಿಲ್ಲ. ಇದು ಬರೀ ಪುಕ್ಕಲರ ಭಯವಾಗಿರಲಿಲ್ಲ. 1992ರಲ್ಲಿ ಮಾಸ್ಕೋ ಬಳಿಯ ಪೊದೋಲ್ಸ್ಕ್ ಊರಿನ ‘ಲೂಚ್’ ಎಂಬ ಸಂಸ್ಥೆಯ ನೌಕರನೊಬ್ಬ ಕೆಲವು ತಿಂಗಳ ಕಾಲ ದಿನಕ್ಕಿಷ್ಟು ದಿನಕ್ಕಿಷ್ಟು ಅಂತ ಸುಮಾರು ಒಂದೂವರೆ ಕಿಲೋ ಬಾಂಬು ದರ್ಜೆಯ ಯುರೇನಿಯಂ ಮನೆಗೆ ಸಾಗಿಸಿದ. ಕೆಲಸದಲ್ಲಿ ಇಷ್ಟು ವ್ಯಯ ಆಗಬಹುದೆಂದು ಲೆಕ್ಕಪುಸ್ತಕ ಒಪ್ಪುತ್ತಿದ್ದ ಮಿತಿಯೊಳಗೇ ಕದ್ದ. ಹಾಗಾಗಿ ಲೆಕ್ಕದಲ್ಲಿ ಏನೂ ಕಡಿಮೆ ಬೀಳಲೇ ಇಲ್ಲ! ಆಡಿಟಿಂಗ್ ಓದುತ್ತಿರುವವರು ಇದನ್ನು ಗಮನಿಸಬೇಕು.

ಅಮೆರಿಕದ ಸೆನೆಟರುಗಳಾದ ಸ್ಯಾಮ್ ನನ್ ಮತ್ತು ರಿಚರ್ಡ್ ಲುಗರ್ ಅದೇ 1991ರ ಕೊನೆಯಲ್ಲಿ ಒಂದು ಕಾನೂನು ತಂದರು. ಹಳೆಯ ವೈರಿಯ ಅಣ್ವಸ್ತ್ರ ಬಿಚ್ಚಲು, ಕಾಯಲು ಅಮೆರಿಕದ ರಕ್ಷಣಾ ಖಾತೆಯಿಂದಲೇ ದುಡ್ಡು. ಮೊದಲ ಕಂತು 40 ಕೋಟಿ ಡಾಲರ್. ಆದರೆ ಬೀಗ, ಬೇಲಿ, ಪೆಟ್ಟಿಗೆಗೆ ದುಡ್ಡು ಕೊಟ್ಟರೆ ಸರಕು ಮುಗಿಯುವುದಿಲ್ಲವಲ್ಲ.

ಸರಕು ಮುಗಿಸುವ ದಾರಿ ಹೊಳೆದದ್ದು ರಾಜಕಾರಣಿಗಲ್ಲ. ಎಂಐಟಿಯಲ್ಲಿದ್ದ ಥಾಮಸ್ ನೆಫ್ ಎಂಬ ಭೌತವಿಜ್ಞಾನಿಗೆ. ಈತ ಅನೇಕ ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದದ್ದು ಯುರೇನಿಯಂ ಮಾರುಕಟ್ಟೆಯನ್ನು: ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ. 1991ರ ಅಕ್ಟೋಬರ್ 24ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದ. ಸಾರಾಂಶ ಇಷ್ಟೆ. ರಷ್ಯಾದ ಬಳಿ ಸರಕಿದೆ, ದುಡ್ಡಿಲ್ಲ. ಅಮೆರಿಕದ ಬಳಿ ದುಡ್ಡಿದೆ, ಸರಕಿನ ಭಯವಿದೆ, ಜೊತೆಗೆ ಇಂಧನ ಬೇಕಾದ ನೂರಕ್ಕೂ ಮಿಕ್ಕಿದ ಪರಮಾಣು ಸ್ಥಾವರಗಳಿವೆ. ಬಾಂಬಿನ ಯುರೇನಿಯಂ ತೆಳು ಮಾಡಿ ಮಾರಲಿ, ಇವರು ಕೊಳ್ಳಲಿ. ದಾನವೂ ಅಲ್ಲ, ದಂಡವೂ ಅಲ್ಲ, ವ್ಯಾಪಾರ. ಅದೇ ತಿಂಗಳು ವಾಷಿಂಗ್ಟನ್ನಿಗೆ ಬಂದಿದ್ದ ಸೋವಿಯತ್ ಅಣ್ವಸ್ತ್ರ ವಿಭಾಗದ ಹಿರಿಯ ಅಧಿಕಾರಿ ವಿಕ್ತರ್ ಮಿಖಾಯ್ಲೋವ್ ಕಿವಿಗೂ ಈ ಮಾತು ಹಾಕಿದ. ಮರುವರ್ಷ ಮಿಖಾಯ್ಲೋವ್ ರಷ್ಯಾದ ಅಣುಶಕ್ತಿ ಮಂತ್ರಿಯಾದರು. ಅದೂ ಒಂದು ಅನುಕೂಲವೇ ಆಯಿತು.

1993ರ ಫೆಬ್ರವರಿ 18ರಂದು ಒಡಂಬಡಿಕೆಗೆ ಸಹಿ ಬಿತ್ತು. ರಷ್ಯಾ ತನ್ನ ಸಿಡಿತಲೆಗಳಿಂದ ತೆಗೆದ 500 ಟನ್ ಬಾಂಬು ಯುರೇನಿಯಂ ಅನ್ನು ಇಪ್ಪತ್ತು ವರ್ಷಗಳಲ್ಲಿ ತೆಳು ಮಾಡಿ ಮಾರಬೇಕು. ಅಂದರೆ ಸುಮಾರು 20 ಸಾವಿರ ಸಿಡಿತಲೆಗಳ ಸರಕು. ಆಗಿನ ಅಂದಾಜು ಬೆಲೆ ಸುಮಾರು 1,200 ಕೋಟಿ ಡಾಲರ್. ಮಾರುವವರು ರಷ್ಯಾ ಸರ್ಕಾರದ ‘ಟೆನೆಕ್ಸ್’, ಕೊಳ್ಳುವವರು ಅಮೆರಿಕದ ‘ಯೂಸೆಕ್’. ‘ಮೆಗಾಟನ್ನಿನಿಂದ ಮೆಗಾವಾಟಿಗೆ’ ಅಂತ ಯೋಜನೆಗೆ ಹೆಸರು ಬಿತ್ತು. ಮೆಗಾಟನ್ ಬಾಂಬಿನ ಅಳತೆ, ಮೆಗಾವಾಟ್ ವಿದ್ಯುತ್ತಿನದು.

ಕೆಲಸ ಹೇಗೆ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ಸಿಡಿತಲೆಯಿಂದ ತೆಗೆದ ಲೋಹದ ತುಂಡುಗಳನ್ನು ಮೊದಲು ಲೇತಿನ ಹೊಟ್ಟಿನ ಹಾಗೆ ತುರಿಯುವುದು. ಆ ತುರಿಯನ್ನು ಸುಟ್ಟು ಆಕ್ಸೈಡ್ ಪುಡಿ ಮಾಡುವುದು, ಶುದ್ಧಿ ಮಾಡುವುದು, ಫ್ಲೋರೀನ್ ಕೂಡಿಸಿ ಅನಿಲ ಮಾಡುವುದು. ಕೊನೆಗೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಕೊಳವೆ. ಒಂದು ಕವಲಿನಿಂದ ತೊಂಬತ್ತರ ಅನಿಲ, ಇನ್ನೊಂದರಿಂದ ಒಂದೂವರೆಯ ಅನಿಲ, ಕೆಳಗಿನಿಂದ ನಾಲ್ಕೈದರ ಅನಿಲ ಹೊರಗೆ. ಬೆರೆಸಲು ಮಾಮೂಲಿ ಯುರೇನಿಯಂ ಬಿಟ್ಟು ಒಂದೂವರೆಗೆ ಏರಿಸಿದ್ದನ್ನು ಯಾಕೆ ಬಳಸಿದರು ಅಂತ ಕೇಳಬಹುದು. ಬಾಂಬು ಯುರೇನಿಯಂನಲ್ಲಿ 234 ಎಂಬ ಇನ್ನೊಂದು ಬಗೆಯೂ ಹೆಚ್ಚಾಗಿ ಸೇರಿಕೊಂಡಿರುತ್ತದೆ. ಅದರ ಪ್ರಮಾಣ ಇಂಧನದ ನಿಯಮಕ್ಕೆ ಸರಿಹೊಂದುವಷ್ಟು ಇಳಿಯಬೇಕಾದರೆ ಬೆರಕೆಯನ್ನೂ ನೋಡಿ ಆರಿಸಬೇಕಿತ್ತು. ಕೊಂಡವನು ಸರಕು ಪರೀಕ್ಷಿಸಿಯೇ ತೆಗೆದುಕೊಳ್ಳುತ್ತಿದ್ದ!

ಇದೆಲ್ಲ ನಡೆದ ಊರುಗಳು ಹಿಂದೆ ಸೋವಿಯತ್ ಭೂಪಟದಲ್ಲೇ ಇರಲಿಲ್ಲ. ನೋವೊಉರಾಲ್ಸ್ಕ್ ಊರಿಗೆ ‘ಸ್ವೆರ್ದ್ಲೋವ್ಸ್ಕ್-44’ ಎಂಬ ಅಂಚೆ ಸಂಖ್ಯೆಯೇ ಹೆಸರು, ಸೆವೆರ್ಸ್ಕ್ ‘ತೋಮ್ಸ್ಕ್-7’. ಒಳಗೆ ಹೋಗಲು ಸ್ವಂತ ದೇಶದವರಿಗೇ ಪರವಾನಗಿ ಬೇಕಿತ್ತು. ಅಂಥ ಊರಿಗೆ ಅಮೆರಿಕದ ತನಿಖೆಗಾರರು ವರ್ಷಕ್ಕೆ ಹಲವು ಸಲ ಹೋಗಿಬಂದರು. ನೋವೊಉರಾಲ್ಸ್ಕ್‌ನಲ್ಲಂತೂ ಅವರದೊಂದು ಕಾಯಂ ಕಚೇರಿಯೇ ಇತ್ತು. ಕೊಳವೆಯ ಮೂರೂ ಕವಲುಗಳಿಗೆ ಅಮೆರಿಕದವರ ಮಾಪಕ ಕಟ್ಟಲಾಯಿತು, ಎಷ್ಟು ಹರಿಯಿತು, ಯಾವ ದರ್ಜೆ ಎಂದು ತಾನೇ ಬರೆದಿಟ್ಟುಕೊಳ್ಳುವ ಹಾಗೆ. ಬದಲಿಗೆ ರಷ್ಯದವರಿಗೆ ಅಮೆರಿಕದ ಇಂಧನ ಕಾರ್ಖಾನೆಗಳೊಳಗೆ ಹೋಗಿ, ತಾವು ಮಾರಿದ್ದು ಮತ್ತೆ ಬಾಂಬಿನ ದಾರಿ ಹಿಡಿದಿಲ್ಲವೆಂದು ನೋಡುವ ಹಕ್ಕು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಸಿಡಿತಲೆ ಬಿಚ್ಚುವುದನ್ನು ಮಾತ್ರ ರಷ್ಯದವರು ತೋರಿಸಲಿಲ್ಲ. ಅಮೆರಿಕದವರ ಕಣ್ಣು ಶುರುವಾಗುತ್ತಿದ್ದದ್ದು ಲೋಹದ ತುರಿಯಿಂದ. ಆ ತುರಿ ಇಂಥ ಕ್ಷಿಪಣಿಯ ತಲೆಯಿಂದಲೇ ಬಂತು ಎನ್ನಲು ಕಣ್ಣಾರೆ ಕಂಡ ಸಾಕ್ಷಿ ಇಲ್ಲ. ಆದರೂ ಸರಕು ಬಾಂಬು ದರ್ಜೆಯದು ಎಂಬುದರಲ್ಲಿ ಸಂಶಯವಿರಲಿಲ್ಲ, ಅದು ತೆಳುವಾಯಿತು ಎಂಬುದರಲ್ಲೂ ಇರಲಿಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕು ಅನ್ನಿಸುತ್ತದೆ.

ವ್ಯಾಪಾರ ಅಂದಮೇಲೆ ಜಗಳ ಬರಲೇಬೇಕು, ಬಂತು. ಅಮೆರಿಕದ ಯುರೇನಿಯಂ ಗಣಿಗಳವರು ‘ಸೋವಿಯತ್ ಸರಕು ಕಡಿಮೆ ಬೆಲೆಗೆ ಸುರಿಯುತ್ತಿದ್ದಾರೆ’ ಅಂತ 1991ರಲ್ಲೇ ದೂರು ಕೊಟ್ಟಿದ್ದರು. ಯೂಸೆಕ್ಕಿಗೆ ತೊಂದರೆ ಇನ್ನೊಂದು. ಇಂಧನದ ಬೆಲೆಯಲ್ಲಿ ಎರಡು ಭಾಗ: ಮೂಲ ಯುರೇನಿಯಂನದು, ಅದನ್ನು ಏರಿಸಿದ ಕೆಲಸದ್ದು, ಅಕ್ಕಿಯ ಬೆಲೆ ಮತ್ತು ಬೀಸಿದ ಕೂಲಿ ಅಂದುಕೊಳ್ಳಿ. ಯೂಸೆಕ್ ಕೂಲಿ ಕೊಡುತ್ತೇನೆ, ಅಕ್ಕಿಗೆ ಅಕ್ಕಿಯನ್ನೇ ವಾಪಸು ತೆಗೆದುಕೊಂಡು ನೀವೇ ಮಾರಿಕೊಳ್ಳಿ ಅಂದಿತು. 1998ರಲ್ಲಿ ಯೂಸೆಕ್ ಖಾಸಗಿ ಕಂಪನಿಯೂ ಆಯಿತು. ಅಂದರೆ ಭೂಮಿಯ ಮೇಲಿನ ಅತಿ ಅಪಾಯದ ಸರಕಿನ ವಿಲೇವಾರಿ ಶೇರುದಾರರ ಲಾಭನಷ್ಟಕ್ಕೆ ಗಂಟುಬಿತ್ತು. ಅದೇ ವರ್ಷ ಬೆಲೆಯ ತಕರಾರಿನಿಂದ ರಷ್ಯಾ ಸಾಗಣೆಯನ್ನೇ ಕೆಲಕಾಲ ನಿಲ್ಲಿಸಿತು. ಕೊನೆಗೆ ಅಮೆರಿಕ ಸರ್ಕಾರ 32.5 ಕೋಟಿ ಡಾಲರ್ ಕೊಟ್ಟು ಒಂದಷ್ಟು ಯುರೇನಿಯಂ ತಾನೇ ಕೊಂಡಿತು. ಉಳಿದದ್ದಕ್ಕೆ ಕೆನಡಾ, ಫ್ರಾನ್ಸ್, ಜರ್ಮನಿಗಳ ಮೂರು ಕಂಪನಿಗಳು 1999ರ ಮಾರ್ಚಿನಲ್ಲಿ ಕರಾರು ಮಾಡಿಕೊಂಡ ಮೇಲೆ ಬಂಡಿ ಮತ್ತೆ ಹೊರಟಿತು.

ಹೊರಟದ್ದು ನಿಲ್ಲಲಿಲ್ಲ. 1999ರ ಯುಗೊಸ್ಲಾವಿಯಾ ಬಾಂಬು ದಾಳಿ, 2003ರ ಇರಾಕ್ ಯುದ್ಧ, 2008ರ ಜಾರ್ಜಿಯಾ ಯುದ್ಧ, ಎಲ್ಲದರಲ್ಲೂ ಎರಡು ದೇಶಗಳ ಮುಖ ಕೆಂಪಾಗಿತ್ತು. ಯುರೇನಿಯಂ ಪಾಡಿಗೆ ಯುರೇನಿಯಂ ಹಡಗು ಹತ್ತುತ್ತಿತ್ತು. 2013ರ ನವೆಂಬರಿನಲ್ಲಿ ‘ಅಟ್ಲಾಂಟಿಕ್ ನ್ಯಾವಿಗೇಟರ್’ ಎಂಬ ಹಡಗು ಸೇಂಟ್ ಪೀಟರ್ಸ್‌ಬರ್ಗಿನಿಂದ ಕೊನೆಯ ಕಂತು ಹೇರಿಕೊಂಡು ಹೊರಟು ಡಿಸೆಂಬರಿನಲ್ಲಿ ಬಾಲ್ಟಿಮೋರ್ ಬಂದರು ಸೇರಿತು. 500 ಟನ್ನೂ ಮುಗಿಯಿತು. ಒಟ್ಟು 14 ಸಾವಿರ ಟನ್ನಿಗೂ ಹೆಚ್ಚು ಇಂಧನ. ಆ ಇಪ್ಪತ್ತು ವರ್ಷಗಳ ಹೆಚ್ಚಿನ ಭಾಗ ಅಮೆರಿಕದ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲು ಈ ಇಂಧನದಿಂದ ಬಂತೆಂದು ಲೆಕ್ಕ. ಯಾವ ಊರುಗಳ ಮೇಲೆ ಬೀಳಲಿ ಅಂತ ಮಾಡಿದ್ದರೋ ಆ ಊರುಗಳಲ್ಲೇ ದೀಪವಾಗಿ ಉರಿಯಿತು. ಬಹಳ ಮನೆಗಳವರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ಉಕ್ರೇನಿನ ಕಥೆಯೂ ಇದರೊಳಗೇ ಬರುತ್ತದೆ. ಒಕ್ಕೂಟ ಒಡೆದಾಗ ಅದರ ನೆಲದಲ್ಲಿ ಉಳಿದ ಸಿಡಿತಲೆಗಳನ್ನು ರಷ್ಯಾಕ್ಕೆ ಕಳಿಸಲು 1994ರ ಜನವರಿಯಲ್ಲಿ ಮಾಸ್ಕೋದಲ್ಲಿ ಮೂರು ದೇಶಗಳ ನಡುವೆ ಒಪ್ಪಂದವಾಯಿತು. ಪ್ರತಿಫಲವಾಗಿ ಮೊದಲ ಕಂತಿನಲ್ಲೇ ನೂರು ಟನ್ ಇಂಧನ ರಷ್ಯಾದಿಂದ ಉಕ್ರೇನಿನ ವಿದ್ಯುತ್ ಸ್ಥಾವರಗಳಿಗೆ ಬಂತು. 1996ರ ಹೊತ್ತಿಗೆ ಸಿಡಿತಲೆಗಳೆಲ್ಲ ಹೋದವು. ಜೊತೆಗೆ ಬುಡಾಪೆಸ್ಟಿನಲ್ಲಿ, 1994ರ ಡಿಸೆಂಬರಿನಲ್ಲಿ, ಗಡಿಯನ್ನು ಗೌರವಿಸುತ್ತೇವೆ ಎಂಬ ಭರವಸೆಯ ಪತ್ರವೂ ಸಿಕ್ಕಿತು. ಇಂಧನದ ಲೆಕ್ಕ ಚುಕ್ತಾ ಆಯಿತು. ಭರವಸೆಯ ಲೆಕ್ಕ 2014ರಲ್ಲಿ, ಮತ್ತೆ 2022ರಲ್ಲಿ ಏನಾಯಿತೆಂದು ನಿಮಗೇ ಗೊತ್ತು.

ಇನ್ನು ಬಿದ್ದುಹೋದ ಪ್ರಯತ್ನ, ಪ್ಲುಟೋನಿಯಂನದು. 2000ದ ಸೆಪ್ಟೆಂಬರಿನಲ್ಲಿ ರಷ್ಯಾ, ಅಮೆರಿಕ ತಲಾ 34 ಟನ್ ಪ್ಲುಟೋನಿಯಂ ವಿಲೇವಾರಿ ಮಾಡಲು ಒಪ್ಪಿದವು. ಎರಡೂ ಸೇರಿ ಸುಮಾರು 17 ಸಾವಿರ ಸಿಡಿತಲೆಗಳ ಸರಕು ಅಂತ ಅಮೆರಿಕ ಸರ್ಕಾರದ ಲೆಕ್ಕ. ಕಾಗದದ ಮೇಲೆ ಯುರೇನಿಯಂ ಒಪ್ಪಂದದ ತಮ್ಮನ ಹಾಗೇ ಕಾಣುತ್ತದೆ. ಆದರೆ ಕೊಳ್ಳುವವರೇ ಇಲ್ಲ! ಪ್ಲುಟೋನಿಯಂ ಅನ್ನು ಯುರೇನಿಯಂ ಜೊತೆ ಬೆರೆಸಿ ‘ಮಾಕ್ಸ್’ ಎಂಬ ಇಂಧನ ಮಾಡಬಹುದು. ತಾರಾಪುರದಲ್ಲೂ ಅಂಥ ಇಂಧನವನ್ನು ಪರೀಕ್ಷಿಸಿ ನೋಡಿದ್ದಾರೆ. ಅದು ಸ್ಥಾವರದಲ್ಲಿ ಉರಿದಮೇಲೆ ಉಳಿದ ಪ್ಲುಟೋನಿಯಂ ತೀವ್ರ ವಿಕಿರಣದ ಬೂದಿಯ ಜೊತೆ ಸಿಕ್ಕಿಕೊಳ್ಳುತ್ತದೆ, ಕದಿಯುವುದು ಕಷ್ಟ. ಆದರೆ ಈ ಪುಡಿ ಉಸಿರಿನೊಳಗೆ ಹೋದರೆ ಕ್ಯಾನ್ಸರಿನ ಅಪಾಯ. ಎಲ್ಲ ಕೆಲಸವೂ ಮುಚ್ಚಿದ ಪೆಟ್ಟಿಗೆಗಳೊಳಗೆ ನಡೆಯಬೇಕು. ಮಾಮೂಲಿ ಇಂಧನಕ್ಕಿಂತ ಬಹಳ ದುಬಾರಿ.

ಅಮೆರಿಕ 2007ರಲ್ಲಿ ಸೌತ್ ಕೆರೊಲಿನಾದ ಸವಾನಾ ರಿವರ್ ಎಂಬಲ್ಲಿ ಮಾಕ್ಸ್ ಕಾರ್ಖಾನೆ ಕಟ್ಟಲು ಹೊರಟಿತು. ಸುಮಾರು 500 ಕೋಟಿ ಡಾಲರಿನ ಅಂದಾಜು 1,700 ಕೋಟಿಗೆ ಏರಿತು. ಕಟ್ಟಡ ಅರ್ಧದಲ್ಲೇ ನಿಂತಿತು. ಅಮೆರಿಕ ದಾರಿ ಬದಲಾಯಿಸಿತು: ಉರಿಸುವುದು ಬೇಡ, ಬೇರೆ ಪುಡಿಯೊಂದಿಗೆ ಕಲಬೆರಕೆ ಮಾಡಿ ನ್ಯೂ ಮೆಕ್ಸಿಕೋದ ಉಪ್ಪಿನ ಪದರದಲ್ಲಿ, ಆರುನೂರು ಮೀಟರಿಗೂ ಆಳದಲ್ಲಿ ಹೂಳೋಣ. ಆ ಪುಡಿಯಲ್ಲಿ ಏನೇನಿದೆ ಎಂಬುದು ಗುಟ್ಟು. ‘ಸ್ಟಾರ್‌ಡಸ್ಟ್’ ಅಂದರೆ ನಕ್ಷತ್ರಧೂಳಿ ಅಂತ ಅದಕ್ಕೆ ಹೆಸರು. ರಷ್ಯಾ ಒಪ್ಪಲಿಲ್ಲ. ಹೂತದ್ದನ್ನು ನಾಳೆ ಅಗೆಯಬಹುದಲ್ಲ, ಉರಿಸುತ್ತೇವೆ ಅಂತ ತಾನೇ ಸಹಿ ಹಾಕಿದ್ದು ಎಂಬುದು ಅದರ ವಾದ. ವಾದದಲ್ಲಿ ತಿರುಳಿತ್ತು ಅಂತಲೇ ಹೇಳಬೇಕು. ಆದರೆ 2016ರ ಅಕ್ಟೋಬರ್ 3ರಂದು ಪುಟಿನ್ ಒಪ್ಪಂದವನ್ನು ಅಮಾನತು ಮಾಡಿದಾಗ ಇಟ್ಟ ಷರತ್ತುಗಳಿಗೂ ಪ್ಲುಟೋನಿಯಂಗೂ ಸಂಬಂಧವೇ ಇರಲಿಲ್ಲ. ಆರ್ಥಿಕ ದಿಗ್ಬಂಧನ ತೆಗೆಯಿರಿ, ಅದರಿಂದ ಆದ ನಷ್ಟ ತುಂಬಿಕೊಡಿ, ನ್ಯಾಟೋ ಸೈನ್ಯವನ್ನು ಹಿಂದಕ್ಕೆ ಕರೆಸಿ ಅಂತ. 2018ರಲ್ಲಿ ಅಮೆರಿಕ ಮಾಕ್ಸ್ ಕಾರ್ಖಾನೆಯನ್ನು ಕೈಬಿಟ್ಟಿತು. 2025ರಲ್ಲಿ ಅದೇ ಅಮೆರಿಕ ಹೂಳುವುದೂ ಬೇಡ, ಇಂಧನಕ್ಕೆಂದು ಕಂಪನಿಗಳಿಗೆ ಕೊಡೋಣ ಅಂತ ಹೊರಟಿತು. ಆ ವರ್ಷದ ಅಕ್ಟೋಬರಿನಲ್ಲಿ ರಷ್ಯಾ ಒಪ್ಪಂದದಿಂದಲೇ ಹೊರಬಿತ್ತು.

ಯುರೇನಿಯಂ ವಿಷಯದಲ್ಲಿ ಜಗಳವಾದಾಗ ಇಬ್ಬರಿಗೂ ನಷ್ಟವಿತ್ತು: ಮಾರುವವನಿಗೆ ಡಾಲರ್ ತಪ್ಪುತ್ತಿತ್ತು, ಕೊಳ್ಳುವವನಿಗೆ ಇಂಧನ. ಪ್ಲುಟೋನಿಯಂ ವಿಷಯದಲ್ಲಿ ಒಪ್ಪಂದ ಮುರಿದವನಿಗೆ ಖರ್ಚು ಉಳಿಯುತ್ತಿತ್ತು. ಇಪ್ಪತ್ತು ವರ್ಷ ಬಾಳಿದ ಒಪ್ಪಂದಕ್ಕೂ ಸತ್ತ ಒಪ್ಪಂದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಅಂತ ನನಗೆ ತೋರುತ್ತದೆ. ಆದರೂ ವ್ಯಾಪಾರವೇ ಸರ್ವರೋಗಕ್ಕೆ ಮದ್ದು ಅಂದುಕೊಂಡರೆ ಅದೂ ಸರಿಯಲ್ಲ. ರಷ್ಯಾದ ಸರಕು ಅಗ್ಗವಾಗಿ ಸಿಗುತ್ತಿದ್ದಂತೆ ಅಮೆರಿಕ ತನ್ನ ಯಂತ್ರಗಳನ್ನು ಹೊಸದು ಮಾಡಿಕೊಳ್ಳಲಿಲ್ಲ. ಕೆಂಟಕಿಯ ಪಡೂಕಾದಲ್ಲಿದ್ದ ಹಳೆಯ ಏರಿಕೆ ಕಾರ್ಖಾನೆ 2013ರಲ್ಲಿ ಮುಚ್ಚಿತು, ಯೂಸೆಕ್ ಮರುವರ್ಷ ದಿವಾಳಿ ಅರ್ಜಿ ಹಾಕಿತು. ಬಾಂಬಿನ ಸರಕು ಮುಗಿದಮೇಲೂ ಮಾಮೂಲಿ ವ್ಯಾಪಾರವಾಗಿ ರಷ್ಯಾದ ಇಂಧನ ಬರುತ್ತಲೇ ಇತ್ತು. ಉಕ್ರೇನ್ ಯುದ್ಧದ ನಂತರ, 2024ರಲ್ಲಿ, ಅದಕ್ಕೆ ನಿಷೇಧ ಹಾಕಲು ಹೊರಟಾಗ ಸ್ವಂತ ಕೈಯಲ್ಲಿ ಸಾಕಷ್ಟು ಇಂಧನ ಇರಲಿಲ್ಲ. 2027ರವರೆಗೆ ರಿಯಾಯಿತಿಗೆ ಅವಕಾಶ ಇಟ್ಟುಕೊಂಡೇ ಕಾನೂನು ಮಾಡಬೇಕಾಯಿತು.

ಇನ್ನೊಂದು ಪ್ರಯತ್ನದ ಮಾತು ಹೇಳಲೇಬೇಕು, ಫಿಸಿಕ್ಸ್ ಓದುವವರಿಗೆ ಇಷ್ಟವಾಗುತ್ತದೆ. 1996ರಿಂದ 2002ರವರೆಗೆ ರಷ್ಯಾ, ಅಮೆರಿಕ ಮತ್ತು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸೇರಿ ಒಂದು ಕಗ್ಗಂಟನ್ನು ಬಿಡಿಸಲು ಕೂತವು. ಡಬ್ಬಿಯೊಳಗೆ ಬಾಂಬಿನ ಪ್ಲುಟೋನಿಯಂ ಇದೆ ಎಂದು ಸಂಸ್ಥೆಯವರು ಖಚಿತ ಮಾಡಿಕೊಳ್ಳಬೇಕು. ಆದರೆ ಅದರ ತೂಕ, ಆಕಾರ, ಬೆರಕೆ ಎಲ್ಲ ಸೈನ್ಯದ ಗುಟ್ಟು, ನೋಡುವ ಹಾಗಿಲ್ಲ. ನೋಡದೆ ನಂಬುವುದು ಹೇಗೆ? ಅವರು ಕಂಡುಕೊಂಡ ದಾರಿ ಹೀಗಿತ್ತು. ಮಾಪಕವನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಒಳಗಿನ ಅಂಕಿಗಳೊಂದೂ ಹೊರಗೆ ಬಾರದಂತೆ ಮಾಡಿ, ಹೊರಗೆ ಕೆಂಪು-ಹಸಿರು ದೀಪಗಳನ್ನಷ್ಟೇ ಇಡುವುದು. ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಪ್ಲುಟೋನಿಯಂ ಇದ್ದರೆ, ಅದು ಬಾಂಬು ದರ್ಜೆಯದಾಗಿದ್ದರೆ ಹಸಿರು. ಪರೀಕ್ಷೆಗೆ ಮಾದರಿ ಯಂತ್ರ ತಯಾರಾಯಿತು, ಒಪ್ಪಂದದ ಕರಡೂ ತಯಾರಾಯಿತು. ಸಹಿ ಮಾತ್ರ ಬೀಳಲಿಲ್ಲ. ಕರಡು ವಿಯೆನ್ನಾದಲ್ಲೇ ಉಳಿಯಿತು. ಮುಂದೆ ಯಾರಿಗಾದರೂ ಬುದ್ಧಿ ಬಂದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಸದ್ಯಕ್ಕೆ ಸವಾನಾ ರಿವರ್‌ನಲ್ಲಿ, ಹಿಂದೆ ಬಾಂಬಿಗೆ ಸರಕು ತಯಾರಿಸುತ್ತಿದ್ದ ಒಂದು ಹಳೆಯ ಸ್ಥಾವರದ ಕಟ್ಟಡವನ್ನೇ ಗೋದಾಮು ಮಾಡಿ ಪ್ಲುಟೋನಿಯಂ ಡಬ್ಬಿಗಳನ್ನು ಇಟ್ಟಿದ್ದಾರೆ. ‘ಇಂಧನ ಮಾಡಿ ಒಯ್ಯುತ್ತೇವೆ ಅಂತ ತಂದಿರಿ, ಇಲ್ಲೇ ಬಿಟ್ಟಿರಿ’ ಎಂದು ಸೌತ್ ಕೆರೊಲಿನಾ ರಾಜ್ಯ ತನ್ನದೇ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಿತ್ತು. 2020ರಲ್ಲಿ ರಾಜಿಯಾಯಿತು. ಕೇಂದ್ರ 60 ಕೋಟಿ ಡಾಲರ್ ತೆತ್ತಿತು, ಅಲ್ಲಿರುವ ಒಂಬತ್ತೂವರೆ ಟನ್ನನ್ನು 2037ರೊಳಗೆ ಹೊರಗೆ ಸಾಗಿಸುವುದಾಗಿ ಬರೆದುಕೊಟ್ಟಿತು.